ಎರಡು ಲಕೋಟೆ

ಮಾಟುಂಗದ ಶಾಲೆಯೊಂದರ ಮಹಡಿಯ ಕೋಣೆಯಲ್ಲಿ ನಮ್ಮ ಬಳಗ ತಿಂಗಳಿಗೊಮ್ಮೆ ಸೇರುತ್ತದೆ. ಕೋಣೆಯ ಮೂಲೆಯಲ್ಲಿರುವ ಕಬ್ಬಿಣದ ಕಪಾಟಿನಲ್ಲಿ ಬಳಗದ ಸಮಸ್ತ ಚರಾಸ್ತಿಯೂ ಇದೆ: ಹಳೆಯ ವಿಶೇಷಾಂಕಗಳ ಕಟ್ಟುಗಳು, ಒಂದು ಹಿತ್ತಾಳೆಯ ದೀಪ, ಹನ್ನೆರಡು ಸ್ಟೀಲ್ ಲೋಟಗಳು, ಚಕ್ರವಿರುವ ಒಂದು ಕಪ್ಪು ಸ್ಪೀಕರ್ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಆರಿಸಿದವನು ನಾನು. ಅದರ ಕತೆಯನ್ನು ಬರೆಯಬೇಕಾದವನೂ ನಾನೇ ಎಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಕೇಂದ್ರ ಸರ್ಕಾರದ ಕಚೇರಿಯೊಂದರ ಖರೀದಿ ವಿಭಾಗದಲ್ಲಿ ನನ್ನ ಕೆಲಸ. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ಮುಂದೊಂದು ದಿನ ಕುರ್ಚಿ, ಪಂಖ, ಪ್ರಿಂಟರಿನ ಶಾಯಿಗಳ ದರಪಟ್ಟಿಯನ್ನು ಓದುತ್ತ ಕೂರುತ್ತೇನೆಂದು ಎಣಿಸಿರಲಿಲ್ಲ. ಆದರೆ ಇಪ್ಪತ್ತು ವರ್ಷಗಳಲ್ಲಿ ಆ ಗದ್ಯವೂ ರಕ್ತಕ್ಕಿಳಿದಿದೆ. ನಮ್ಮ ಲೋಕದಲ್ಲಿ ‘ಎಲ್-1’ ಎಂಬುದೊಂದು ಮಂತ್ರ. ದರ ಕೂಗಿದವರಲ್ಲಿ ಎಲ್ಲರಿಗಿಂತ ಕಡಿಮೆ ಕೂಗಿದವನು ಎಲ್-1. ಅವನಿಗೆ ಕೊಟ್ಟರೆ ಯಾರೂ ಪ್ರಶ್ನಿಸುವುದಿಲ್ಲ. ಎಲ್-2ಗೆ ಕೊಟ್ಟರೆ ಉತ್ತರ ಬರೆಯುತ್ತ ನಿವೃತ್ತಿಯಾಗಬೇಕಾದೀತು. ಈ ಅಭ್ಯಾಸ ಕಚೇರಿಯ ಬಾಗಿಲಿನಲ್ಲಿ ನಿಲ್ಲುವುದಿಲ್ಲ. ಆಂಟಾಪ್ ಹಿಲ್‌ನ ಸರ್ಕಾರಿ ವಸತಿಗೃಹದ ನನ್ನ ಮನೆಯಲ್ಲಿ ಮಿಕ್ಸರಿನಿಂದ ಹಿಡಿದು ಇಯರ್‌ಫೋನಿನ ತನಕ ಎಲ್ಲವೂ ಎಲ್-1.

ಕೋವಿಡ್‌ನ ಎರಡು ವರ್ಷ ಪರದೆಯ ಮೇಲೆ ಮುಖ ನೋಡಿಕೊಳ್ಳುತ್ತಿದ್ದ ಬಳಗ 2022ರ ಬೇಸಿಗೆಯಲ್ಲಿ ಮತ್ತೆ ಕೋಣೆಗೆ ಮರಳಿತು. ಹಿರಿಯ ಸದಸ್ಯರಿಗೆ ಕಿವಿ ಮಂದ. ಕೆಳಗೆ ಲೋಕಲ್ ರೈಲಿನ, ಬಸ್ಸಿನ ಗದ್ದಲ. ಒಂದು ಸಣ್ಣ ಧ್ವನಿವರ್ಧಕ ಬೇಕೆಂದಾಯಿತು. ಖಜಾಂಚಿಯಾಗಿದ್ದ ನಾನು ಶಿಸ್ತಾಗಿ ಮೂರು ಅಂಗಡಿಗಳಿಂದ ದರ ತರಿಸಿದೆ: 19,000, 11,500, 6,800. ಮೂರನೆಯದರಲ್ಲಿ ಎಲ್ಲವೂ ಇತ್ತು. ತಂತಿಯ ಮೈಕು, ತಂತಿಯಿಲ್ಲದ ಮೈಕು, ಬ್ಯಾಟರಿ, ಬ್ಲೂಟೂತ್, ಪೆನ್‌ಡ್ರೈವ್ ಚುಚ್ಚಿ ಭಾಷಣವನ್ನು ಧ್ವನಿಮುದ್ರಿಸಿಕೊಳ್ಳುವ ಗುಂಡಿ, ಸಾಲದ್ದಕ್ಕೆ ಹಾಡಿನ ತಾಳಕ್ಕೆ ಮಿನುಗುವ ಬಣ್ಣದ ದೀಪಗಳು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ 3000 ವ್ಯಾಟ್ ಎಂದು ಬರೆದಿತ್ತು. ಅದರ ಪಕ್ಕದಲ್ಲಿ ಇರುವೆಗಾತ್ರದಲ್ಲಿ ಪಿಎಂಪಿಒ ಎಂದಿತ್ತು. ಇರುವೆಯನ್ನು ನಾನು ಗಮನಿಸಲಿಲ್ಲ. ನಡಾವಳಿ ಪುಸ್ತಕದಲ್ಲಿ ‘ಕನಿಷ್ಠ ದರದ ಆಧಾರದ ಮೇಲೆ’ ಎಂದು ಬರೆದು ಸಹಿ ಮಾಡಿದೆ. ಬಳಗದ 4,700 ರೂಪಾಯಿ ಉಳಿಸಿದ ಹೆಮ್ಮೆ ನನ್ನದಾಗಿತ್ತು.

ಆ ವರ್ಷದ ನವೆಂಬರಿನಲ್ಲಿ ನಮ್ಮ ಮೇಷ್ಟ್ರನ್ನು ಮಾತಿಗೆ ಕರೆದೆವು. ಹೆಸರು ಹೇಳಿದರೆ ಅವರಿಗೆ ಸಂಕೋಚವಾಗುತ್ತದೆ, ಮೇಷ್ಟ್ರೆಂದರೆ ಸಾಕು. ಆಗ ಅವರಿಗೆ ಎಂಬತ್ತನಾಲ್ಕು. ಉಡುಪಿಯ ಕಡೆಯ ಹಳ್ಳಿಯೊಂದರಿಂದ ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದು ಕೋಟೆ ಪ್ರದೇಶದ ಹೋಟೆಲಿನಲ್ಲಿ ಲೋಟ ತೊಳೆದವರು. ರಾತ್ರಿ ಶಾಲೆಯಲ್ಲಿ ಓದಿ, ಹಗಲು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿಯೂ ಇರುಳು ತಾವು ಓದಿದಂಥದೇ ರಾತ್ರಿ ಶಾಲೆಯಲ್ಲಿಯೂ ಪಾಠ ಮಾಡಿ ನಿವೃತ್ತರಾದವರು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಕತೆ ಈ ಊರಿನ ಕನ್ನಡಿಗರ ಅರ್ಧ ಚರಿತ್ರೆ. ಹೋಟೆಲಿನ ಮೇಜಿನ ಮೇಲೆ ಮಲಗುತ್ತಿದ್ದ ಹುಡುಗರು ಅಲ್ಲಿಂದಲೇ ಬ್ಯಾಂಕಿಗೆ, ರೈಲ್ವೆಗೆ, ಕೋರ್ಟಿಗೆ ಹೋದರು. ಅದನ್ನು ಕಂಡವರ ಬಾಯಿಂದಲೇ ಕೇಳಿ ದಾಖಲಿಸಬೇಕೆಂಬುದು ನಮ್ಮ ಆಸೆ. ಅಂದು ಅವರ ಹಳೆಯ ವಿದ್ಯಾರ್ಥಿಗಳು ಒಂಬತ್ತು ಮಂದಿ ಬಂದಿದ್ದರು. ಎಲ್ಲರೂ ಎಪ್ಪತ್ತರ ಆಸುಪಾಸಿನವರು. ಒಬ್ಬರಂತೂ ಮಂಗಳೂರಿನಿಂದ ಇದಕ್ಕಾಗಿಯೇ ಬಂದಿದ್ದರು.

ಮೇಷ್ಟ್ರು ಮಾತು ಆರಂಭಿಸಿ ಹತ್ತು ನಿಮಿಷವಾಗುವಷ್ಟರಲ್ಲಿ ಪೆಟ್ಟಿಗೆ ಕೆರೆಯತೊಡಗಿತು. ಮೈಕಿನ ತಂತಿಯನ್ನು ಚುಚ್ಚಿದ ಜಾಗದಲ್ಲಿ ಏನೋ ಸಡಿಲ. ನಾನು ಮಂಡಿಯೂರಿ ಕುಳಿತು ತಂತಿಯನ್ನು ಒಂದು ಕೋನದಲ್ಲಿ ಎತ್ತಿ ಹಿಡಿದೆ. ಹಿಡಿದಷ್ಟು ಹೊತ್ತು ಸದ್ದು ಸರಿಯಿತ್ತು. ಕೈ ನೋಯುತ್ತಿತ್ತು, ಆದರೆ ಕಪಾಟಿನಿಂದ ತೆಗೆದ ಹಿತ್ತಾಳೆ ದೀಪದ ಪಕ್ಕದಲ್ಲಿ ನಾನೂ ಒಂದು ಕಂಬವಾಗಿ ಇರುವುದರಲ್ಲಿ ತಪ್ಪೇನೂ ಕಾಣಲಿಲ್ಲ.

ಆಮೇಲೆ ಹಾಜರಿಯ ಪ್ರಸಂಗ ಬಂತು. ಅವರ ತರಗತಿಯಲ್ಲಿ ಒಂದೇ ಹೆಸರಿನ ಮೂವರು, ನಾಲ್ವರು ಇರುತ್ತಿದ್ದರಂತೆ. ಹೀಗಾಗಿ ಹೆಸರಿನ ಹಿಂದೆ ಊರನ್ನಲ್ಲ, ಹುಡುಗ ಕೆಲಸ ಮಾಡುವ ಹೋಟೆಲಿನ ಹೆಸರನ್ನು ಸೇರಿಸಿ ಕೂಗುತ್ತಿದ್ದರಂತೆ. ಹಾಗೆ ಹೇಳುತ್ತ ಹೇಳುತ್ತ ಅವರು ಕಣ್ಣು ಮುಚ್ಚಿ, ಅರವತ್ತರ ದಶಕದ ಒಂದು ತರಗತಿಯ ಹಾಜರಿಯನ್ನೇ ಕೂಗತೊಡಗಿದರು. ಎರಡನೆಯ ಸಾಲಿನಿಂದ ಬಿಳಿಗೂದಲಿನ ಒಬ್ಬರು ತಟ್ಟನೆ ಎದ್ದು ನಿಂತು, “ಹಾಜರ್ ಸಾರ್” ಎಂದರು. ಕೋಣೆ ನಕ್ಕಿತು. ಮುಂದಿನ ಹೆಸರಿಗೆ ಇನ್ನೊಬ್ಬರು ಎದ್ದರು. ಮೂರನೆಯ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಉತ್ತರ ಬಾರದ ಹೆಸರುಗಳಿಗೆ ಮೇಷ್ಟ್ರು ಒಂದು ಕ್ಷಣ ನಿಂತು, ಯಾರಾದರೂ ಕೆಳದನಿಯಲ್ಲಿ “ಹೋದರು ಸಾರ್” ಎಂದ ಮೇಲೆ ಮುಂದಕ್ಕೆ ಹೋಗುತ್ತಿದ್ದರು.

ಆ ಹೆಸರುಗಳ ನಡುವೆಯೇ ಪೆಟ್ಟಿಗೆ ಗುಂಯ್‌ಗುಟ್ಟಿ ಸುಮ್ಮನಾಯಿತು. ದೀಪಗಳೂ ಆರಿದವು. ಅಡಾಪ್ಟರ್ ಚುಚ್ಚಿಯೇ ಇತ್ತು, ಆದರೂ ಜೀವವಿರಲಿಲ್ಲ. ನಾನು ಗುಂಡಿಗಳನ್ನು ಒತ್ತುತ್ತ ಬೆವರುತ್ತಿದ್ದಾಗ ಮೇಷ್ಟ್ರು, “ಬಿಡಿ ಮಾರಾಯ್ರೇ, ನಾನು ಮೈಕಿಲ್ಲದೆಯೇ ಪಾಠ ಮಾಡಿದವ” ಎಂದು ದನಿಯೇರಿಸಿ ಮುಂದುವರಿಸಿದರು. ಎಂಬತ್ತನಾಲ್ಕರ ದನಿ ನಾಲ್ಕನೆಯ ಸಾಲಿನವರೆಗೆ ಮುಟ್ಟಿತು. ಹಿಂದಿನ ಸಾಲಿನ ಇಬ್ಬರು ಹಿರಿಯರು ಸ್ವಲ್ಪ ಹೊತ್ತು ಕಿವಿಗೆ ಕೈ ಆನಿಸಿ ಕುಳಿತು, ಸದ್ದಾಗದಂತೆ ಎದ್ದು ಹೋದರು.

ಧ್ವನಿಮುದ್ರಣವಾದರೂ ಆಗಿದೆಯಲ್ಲ ಎಂದುಕೊಂಡು ಮನೆಗೆ ಬಂದು ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಹಾಕಿದೆ. ಕಡತವೇನೋ ಇತ್ತು, ಅದರ ಗಾತ್ರ ಸೊನ್ನೆ. ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ವಿವರಿಸಿದ: “ಮಾಮಾ, ಮುದ್ರಣ ಮುಗಿಸಿ ಗುಂಡಿ ಒತ್ತಿದಾಗಲೇ ಕಡತದ ಉದ್ದ ಎಷ್ಟೆಂದು ಅದು ಬರೆದುಕೊಳ್ಳೋದು. ಅದಕ್ಕೂ ಮೊದಲು ಕರೆಂಟು ಹೋದರೆ ಒಳಗೆ ದನಿ ಇದ್ದರೂ ಲೆಕ್ಕದಲ್ಲಿ ಇರೋದಿಲ್ಲ.” ಅವನು ಎರಡು ದಿನ ಹೆಣಗಿ, ಚೆಲ್ಲಾಪಿಲ್ಲಿಯಾಗಿದ್ದ ಚೂರುಗಳಿಂದ ಒಂಬತ್ತು ನಿಮಿಷಗಳಷ್ಟನ್ನು ಹೆಕ್ಕಿಕೊಟ್ಟ. ಸ್ವಾಗತ ಭಾಷಣ, ಮೇಷ್ಟ್ರ ಮೊದಲ ಮಾತುಗಳು, ಕೆರೆತ. ಹಾಜರಿಯ ಭಾಗ ಅದರಲ್ಲಿ ಇರಲಿಲ್ಲ.

ವಾರಂಟಿ ಆರು ತಿಂಗಳದು. ಮುಗಿದು ಕೆಲವು ವಾರಗಳಾಗಿದ್ದವು. ಪೆಟ್ಟಿಗೆಯನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಅಲ್ಲಿ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಕುಳಿತು ರಿಪೇರಿ ಮಾಡುವ ಒಬ್ಬ ಹಿರಿಯರು ಪೆಟ್ಟಿಗೆಯ ಬೆನ್ನು ಬಿಚ್ಚಿದರು. ನಂತರದ ಅರ್ಧ ಗಂಟೆ ನನಗೆ ಒಂದು ಪಾಠವೇ ಆಯಿತು.

ಮೊದಲು ಮೈಕಿನ ಜ್ಯಾಕ್ ತೋರಿಸಿದರು. ಒಳ್ಳೆಯ ಸಾಧನದಲ್ಲಿ ಈ ಸಾಕೆಟ್ಟನ್ನು ಲೋಹದ ಫಲಕಕ್ಕೆ ನಟ್ಟು ಹಾಕಿ ಬಿಗಿದಿರುತ್ತಾರೆ. ತಂತಿಯನ್ನು ಯಾರು ಎಳೆದರೂ ಆ ಎಳೆತ ಫಲಕಕ್ಕೆ ತಾಗುತ್ತದೆ. ನಮ್ಮದರಲ್ಲಿ ನಟ್ಟು ಇರಲಿಲ್ಲ. ಸಾಕೆಟ್ಟನ್ನು ನೇರವಾಗಿ ಸರ್ಕ್ಯೂಟ್ ಹಲಗೆಗೆ ಬೆಸುಗೆ ಹಾಕಿದ್ದರು. ಪ್ರತಿ ಸಲ ಮೈಕು ಚುಚ್ಚಿ ತೆಗೆದಾಗಲೂ ಆ ಭಾರವನ್ನೆಲ್ಲ ಸಾಸಿವೆ ಗಾತ್ರದ ಬೆಸುಗೆಯ ಚುಕ್ಕೆಗಳು ಹೊರಬೇಕು. ಅವು ಉಂಗುರದಂತೆ ಬಿರುಕು ಬಿಟ್ಟಿದ್ದವು. ಅಡಾಪ್ಟರಿನ ಸಾಕೆಟ್ಟಿನದೂ ಅದೇ ಅವಸ್ಥೆ. ಕರೆಂಟು ಚುಚ್ಚಿದ್ದರೂ ಒಳಗೆ ಹೋಗದಿದ್ದುದಕ್ಕೆ ಅದೇ ಕಾರಣ. ಜೊತೆಗೆ ಮುಂಬಯಿಯ ಉಪ್ಪುಗಾಳಿ. ತೆಳ್ಳಗಿನ ಲೇಪ ಸವೆದ ಕಡೆಗಳಲ್ಲಿ ಹಸಿರು ಕಿಲುಬು ಕಟ್ಟಿತ್ತು.

ಆಮೇಲೆ ಬ್ಯಾಟರಿ. ಅದು ಸೀಸ ಮತ್ತು ಆಮ್ಲದ ಹಳೆಯ ಬಗೆಯದು. ಖಾಲಿಯಾಗಿ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಗಟ್ಟಿ ಪದರ ಕಟ್ಟಿ ಸಾಯುತ್ತದೆ. “ತಿಂಗಳಿಗೆ ಎಷ್ಟು ಸಲ ಚಾರ್ಜ್ ಮಾಡ್ತೀರಿ ಸಾಹೇಬ್?” ಎಂದು ಅವರು ಕೇಳಿದರು. ಮಳೆಗಾಲದ ನಾಲ್ಕು ತಿಂಗಳು ಸಭೆಗಳು ಕಡಿಮೆಯಾಗಿ ಅದು ಕಪಾಟಿನಲ್ಲಿಯೇ ಇತ್ತೆಂದು ನಾನು ಒಪ್ಪಿಕೊಳ್ಳಬೇಕಾಯಿತು. ಇದೊಂದು ದೋಷ ಪೆಟ್ಟಿಗೆಯದಲ್ಲ, ನಮ್ಮದು.

ಹಲಗೆಯ ಮೇಲಿನ ಕೆಪಾಸಿಟರುಗಳಲ್ಲಿ ಎರಡರ ತಲೆ ಉಬ್ಬಿತ್ತು. ಅವು ಪುಟ್ಟ ಡಬ್ಬಿಗಳಂತಹ ಬಿಡಿಭಾಗಗಳು, ಒಳಗೆ ದ್ರವವಿರುತ್ತದೆ. ಶಾಖ ಹತ್ತು ಡಿಗ್ರಿ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಈ ವಿದ್ಯೆಯವರೆಲ್ಲ ಬಲ್ಲ ಲೆಕ್ಕ. 105 ಡಿಗ್ರಿ ತಾಳುವುದನ್ನು ಹಾಕಬೇಕಾದಲ್ಲಿ 85 ಡಿಗ್ರಿಯದನ್ನು ಹಾಕಿ, ಅದನ್ನೂ ಶಾಖ ಹೀರುವ ಅಲ್ಯುಮಿನಿಯಂ ಪಟ್ಟಿಗೆ ತಾಗಿಕೊಂಡಂತೆ ಕೂರಿಸಿದ್ದರು. ಉಳಿಸಿದ್ದು ಕೆಲವೇ ರೂಪಾಯಿ.

ಕೊನೆಯಲ್ಲಿ 3000 ವ್ಯಾಟಿನ ಮಾತು ತೆಗೆದೆ. ಅವರು ನಕ್ಕು ಕಾಗದದ ಚೂರಿನ ಮೇಲೆ ಲೆಕ್ಕ ಬರೆದರು. 12 ವೋಲ್ಟಿನ ಬ್ಯಾಟರಿ, 4 ಓಮಿನ ಸ್ಪೀಕರ್, ವೋಲ್ಟೇಜನ್ನು ಏರಿಸುವ ಬೇರೆ ಏರ್ಪಾಡು ಇಲ್ಲ. ಹಾಗಿರುವಾಗ ಒಡೆಯದ, ಸ್ವಚ್ಛವಾದ ದನಿ ಹೆಚ್ಚೆಂದರೆ 18 ವ್ಯಾಟಿನಷ್ಟು ಬಂದೀತು. ಪಿಎಂಪಿಒ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ತಯಾರಕನ ಧೈರ್ಯವೇ ಅದರ ಅಳತೆ. ನೋಡಬೇಕಾದ್ದು ಆರ್‌ಎಂಎಸ್ ಎಂಬ ಅಂಕಿ. ಅಚ್ಚರಿಯೆಂದರೆ 18 ವ್ಯಾಟು ನಮ್ಮ ಕೋಣೆಗೆ ಸಾಕಾಗಿತ್ತು. ಆ ಪೆಟ್ಟಿಗೆಯ ದನಿ ಕೆಟ್ಟದ್ದಾಗಿರಲಿಲ್ಲ. ಸ್ಪೀಕರ್ ಚೆನ್ನಾಗಿಯೇ ಇತ್ತು, ಧ್ವನಿ ಹಿಗ್ಗಿಸುವ ಚಿಪ್ಪೂ ಇನ್ನೂ ಕೆಲಸ ಮಾಡುತ್ತಿತ್ತು. ಅಗ್ಗದ ಧ್ವನಿಸಾಧನಗಳು ಸೋಲುವುದು ಸಾಮಾನ್ಯವಾಗಿ ದನಿಯಲ್ಲಲ್ಲ, ಕೀಲುಗಳಲ್ಲಿ: ತಂತಿ ಪೆಟ್ಟಿಗೆಯನ್ನು ಸೇರುವಲ್ಲಿ, ಇಯರ್‌ಫೋನಿನ ದಾರ ಪಿನ್ನನ್ನು ಸೇರುವಲ್ಲಿ, ದನಿಯ ಗುಂಡಿ ಹಲಗೆಯನ್ನು ಸೇರುವಲ್ಲಿ. ಅಂಗಡಿಯಲ್ಲಿ ಹತ್ತು ನಿಮಿಷ ಹಾಡು ಹಾಕಿ ಕೇಳಿದರೆ ದನಿ ತಿಳಿಯುತ್ತದೆ, ಕೀಲು ತಿಳಿಯುವುದಿಲ್ಲ. ಗಿರಾಕಿಯ ಕಿವಿಗೂ ಕಣ್ಣಿಗೂ ಸಿಗದ ಜಾಗ ಯಾವುದೋ ತಯಾರಕ ಉಳಿತಾಯ ಮಾಡುವ ಜಾಗವೂ ಅದೇ. ಪೆಟ್ಟಿಗೆಯ ಮೇಲೆ ಬಿಐಎಸ್ ಮುದ್ರೆ ಇತ್ತಲ್ಲ ಎಂದು ನಾನು ವಾದಿಸಿದೆ. ಆ ನೋಂದಣಿ ಸುರಕ್ಷತೆಗೆ ಸಂಬಂಧಿಸಿದ್ದು. ಸಾಧನ ನಿಮಗೆ ಶಾಕ್ ಹೊಡೆಯಬಾರದು, ಹೊತ್ತಿಕೊಳ್ಳಬಾರದು ಎಂಬುದನ್ನು ಅದು ನೋಡುತ್ತದೆ. ಎಷ್ಟು ವರ್ಷ ಬಾಳಬೇಕು ಎಂಬುದನ್ನಲ್ಲ.

ಹೊಸ ಬ್ಯಾಟರಿ, ಎರಡು ಸಾಕೆಟ್, ಕೆಪಾಸಿಟರುಗಳು, ಕೂಲಿ ಸೇರಿ 1,900 ರೂಪಾಯಿ ಆಯಿತು. ‘ಅಗ್ಗವೆಂದು ಮುಗ್ಗಿದ ಜೋಳ ತರಬೇಡ’ ಎಂದು ಹಾವೇರಿಯ ಕಡೆಯ ನಮ್ಮಜ್ಜಿ ಸಂತೆಗೆ ಹೊರಟವರಿಗೆ ಹೇಳುತ್ತಿದ್ದಳು. ಆದರೆ ಜೋಳವನ್ನು ಅಂಗೈಯಲ್ಲಿ ಹಿಡಿದು ಮೂಸಿ ನೋಡಬಹುದಿತ್ತು.

ಜನವರಿಯಲ್ಲಿ ನಾವು ಇಬ್ಬರು ಡೊಂಬಿವಲಿಯ ಮೇಷ್ಟ್ರ ಮನೆಗೆ ಹೋದೆವು. ಈ ಸಲ ಗೆಳೆಯರೊಬ್ಬರಿಂದ ಕೇಳಿ ತಂದ ಒಳ್ಳೆಯ ರೆಕಾರ್ಡರ್ ಇತ್ತು. ಜೊತೆಗೆ ಎರಡು ಮೊಬೈಲುಗಳನ್ನೂ ಇಟ್ಟುಕೊಂಡಿದ್ದೆವು. ಮೇಷ್ಟ್ರು ಚಹಾ ಕೊಡಿಸಿ, ಅಂದಿನ ಮಾತನ್ನು ಮತ್ತೆ ಹೇಳಲು ಸಂತೋಷದಿಂದಲೇ ಕುಳಿತರು. ಆದರೆ ಹೇಳಿದ್ದು ಬೇರೆಯಾಗಿತ್ತು. ನಡುನಡುವೆ “ಅಂದು ಹೇಳಿದೆನಲ್ಲ” ಎಂದು ಮುಂದಕ್ಕೆ ದಾಟುತ್ತಿದ್ದರು. ಒಂದೂವರೆ ಗಂಟೆಯದು ನಲವತ್ತು ನಿಮಿಷವಾಯಿತು. ಹಾಜರಿಯನ್ನು ಕೂಗಿ ತೋರಿಸುವಿರಾ ಮೇಷ್ಟ್ರೇ ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಕಣ್ಣು ಮುಚ್ಚಿ ಆರಂಭಿಸಿದರು. ಏಳನೆಯ ಹೆಸರಿಗೆ ನಿಂತರು. ಸ್ವಲ್ಪ ಹೊತ್ತು ಕಾದರು. ಆಮೇಲೆ ಕಣ್ಣು ತೆರೆದು, “ಬರುವುದಿಲ್ಲ ಮಾರಾಯ್ರೇ. ಅಂದು ಉತ್ತರ ಕೊಡುವವರಿದ್ದರು. ಒಬ್ಬ ಹಾಜರ್ ಎಂದರೆ ಮುಂದಿನವನ ಹೆಸರು ತಾನಾಗಿ ಬರುತ್ತಿತ್ತು” ಎಂದರು. ರೆಕಾರ್ಡರಿನಲ್ಲಿ ಆ ಮೌನವೂ ಅದರ ಹಿಂದಿನ ಗಡಿಯಾರದ ಟಿಕ್‌ಟಿಕ್ಕೂ ಬಹಳ ಸ್ಪಷ್ಟವಾಗಿ ಮೂಡಿವೆ.

ಲೋಕಲ್ ರೈಲಿನಲ್ಲಿ ಮರಳುವಾಗ ನನ್ನನ್ನು ಕೊರೆದದ್ದು ಆ 4,700 ರೂಪಾಯಿ. ಅದನ್ನು ನಾನು ಉಳಿಸಿರಲಿಲ್ಲ. ಮೇಷ್ಟ್ರ ಲೆಕ್ಕದಿಂದ ಖರ್ಚು ಮಾಡಿದ್ದೆ.

ಹಾಗೆಂದು ಅಗ್ಗವನ್ನೇ ಬಯ್ಯುವುದು ನನ್ನ ಉದ್ದೇಶವಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ರೇಡಿಯೋ ಧಾರವಾಡ ಆಕಾಶವಾಣಿಯನ್ನು ವರ್ಷಾನುಗಟ್ಟಲೆ ಹಾಡಿಸಿತು. ಕೆಟ್ಟಾಗ ಬೆನ್ನಿನ ನಾಲ್ಕು ತಿರುಪು ಬಿಚ್ಚಿ ಪೇಟೆಯ ರಿಪೇರಿಯವನು ಸರಿಮಾಡಿ ಕೊಡುತ್ತಿದ್ದ. ನಿಜ. ಆದರೆ ಅಂಥದೊಂದು ರೇಡಿಯೋ ನಮ್ಮ ಓಣಿಯಲ್ಲಿ ಮೂರು ಮನೆಗಳಲ್ಲಿ ಮಾತ್ರ ಇತ್ತು. ಇಂದು ಮಾಟುಂಗದ ಹೋಟೆಲಿನ ಹುಡುಗ ರಾತ್ರಿ ಹನ್ನೊಂದಕ್ಕೆ ಶಟರ್ ಎಳೆದು, ನೂರೈವತ್ತು ರೂಪಾಯಿಯ ಇಯರ್‌ಫೋನ್ ಸಿಕ್ಕಿಸಿಕೊಂಡು ತನ್ನೂರಿನ ಯಕ್ಷಗಾನ ಕೇಳುತ್ತ ಮಲಗುತ್ತಾನೆ. ಮೇಷ್ಟ್ರು ಆ ವಯಸ್ಸಿನಲ್ಲಿದ್ದಾಗ ಅದು ಕನಸಿನಲ್ಲಿಯೂ ಇರಲಿಲ್ಲ. ಆ ಹುಡುಗನಿಗೆ ಆ ದನಿಯನ್ನು ಕೊಟ್ಟದ್ದು ಅಗ್ಗವೇ. ಅದು ಮೂರು ತಿಂಗಳಿಗೆ ಒಂದು ಕಿವಿ ಸತ್ತು, ಆರು ತಿಂಗಳಿಗೆ ಎರಡೂ ಸತ್ತು, ವರ್ಷಕ್ಕೆ ಮೂರು ಕೊಳ್ಳುವಂತಾಗುತ್ತದೆ ಎಂಬುದಷ್ಟೇ ದುಃಖ. ಪಿನ್ನಿನ ಬುಡದಲ್ಲಿ ಒಂದಿಷ್ಟು ರಬ್ಬರು ಹೆಚ್ಚು ಹಾಕಿದ್ದರೆ ಒಂದೇ ಸಾಕಾಗುತ್ತಿತ್ತು.

ತಪ್ಪು ಎಲ್ಲಿ ಎಂಬುದು ನನಗೆ ಹೊಳೆದದ್ದು ಕಚೇರಿಯಲ್ಲಿಯೇ. ನಮ್ಮ ಸಾಮಾನ್ಯ ಹಣಕಾಸು ನಿಯಮಾವಳಿ 2017ರಲ್ಲಿ ಎರಡು ಲಕೋಟೆಯ ಪದ್ಧತಿ ಇದೆ. ಈಗ ಎಲ್ಲವೂ ಪೋರ್ಟಲಿನಲ್ಲಿ ನಡೆದರೂ ನಮ್ಮ ಬಾಯಲ್ಲಿ ಅದು ಲಕೋಟೆಯೇ. ಮೊದಲನೆಯದು ತಾಂತ್ರಿಕ ಲಕೋಟೆ: ವಸ್ತು ಹೇಗಿದೆ, ನಾವು ಕೇಳಿದ ಗುಣಗಳು ಅದರಲ್ಲಿವೆಯೇ ಎಂಬುದು. ಎರಡನೆಯದು ದರದ ಲಕೋಟೆ. ಮೊದಲನೆಯದರಲ್ಲಿ ತೇರ್ಗಡೆಯಾಗದವರ ಎರಡನೆಯದನ್ನು ತೆರೆಯುವಂತೆಯೇ ಇಲ್ಲ. ಅಂದರೆ ಎಲ್-1 ಎಂದರೆ ಎಲ್ಲರಿಗಿಂತ ಅಗ್ಗದವನಲ್ಲ, ತಕ್ಕವರಲ್ಲಿ ಅಗ್ಗದವನು. ಇಪ್ಪತ್ತು ವರ್ಷ ಈ ನಿಯಮವನ್ನು ಕಡತಗಳಲ್ಲಿ ಉದ್ಧರಿಸಿದ ನಾನು ಬಳಗದ ಪೆಟ್ಟಿಗೆಗೆ ಬಂದಾಗ ಮೊದಲನೆಯ ಲಕೋಟೆಯನ್ನು ಬರೆಯಲೇ ಇಲ್ಲ. ನನಗೆ ಏನು ಬೇಕು ಎಂದು ಕೇಳಿಕೊಳ್ಳದೆ ಎಷ್ಟಕ್ಕೆ ಸಿಗುತ್ತದೆ ಎಂದಷ್ಟೇ ಕೇಳಿದ್ದೆ.

ಈ ಸಲ ಬರೆದೆವು. ಕಾರ್ಯಕಾರಿ ಸಮಿತಿ ಒಂದು ಸಂಜೆ ಅದಕ್ಕಾಗಿಯೇ ಕುಳಿತಿತು. ಮೈಕಿನ ಸಾಕೆಟ್ ಮೂರು ಪಿನ್ನಿನದಾಗಿದ್ದು ಲೋಹದ ಫಲಕಕ್ಕೆ ತಿರುಪು ಹಾಕಿ ಬಿಗಿದಿರಬೇಕು. ವ್ಯಾಟ್ ಆರ್‌ಎಂಎಸ್‌ನಲ್ಲಿ ಹೇಳಿರಬೇಕು; 30 ಇದ್ದರೆ ಸಾಕು. ಬ್ಯಾಟರಿ ಯಾವ ಅಂಗಡಿಯಲ್ಲಿಯೂ ಸಿಗುವ ಅಳತೆಯದಾಗಿರಬೇಕು. ಬೆನ್ನು ಅಂಟಿನಿಂದಲ್ಲ, ತಿರುಪಿನಿಂದ ಮುಚ್ಚಿರಬೇಕು. ಮುಂಬಯಿಯಲ್ಲಿ ರಿಪೇರಿ ಮಾಡುವವರಿರಬೇಕು. ಬಣ್ಣದ ದೀಪ ಬೇಡ. ಧ್ವನಿಮುದ್ರಣಕ್ಕೆ ಬೇರೆಯೇ ಒಂದು ಸಾಧನವಿರಬೇಕು. ಅಂಗಡಿಯಲ್ಲಿ ಹಾಡು ಕೇಳುವುದರ ಜೊತೆಗೆ ತಂತಿಯನ್ನು ಹಿಡಿದು ಅಲುಗಾಡಿಸಿ ಕೇಳಬೇಕು ಎಂಬುದನ್ನು ಲ್ಯಾಮಿಂಗ್ಟನ್ ರೋಡಿನ ಹಿರಿಯರ ಸಲಹೆಯ ಮೇರೆಗೆ ಸೇರಿಸಿದೆವು. ಇಷ್ಟಕ್ಕೆ ಒಪ್ಪಿದ ನಾಲ್ಕರಲ್ಲಿ ಕಡಿಮೆಯದು 14,200 ಇತ್ತು. ನಡಾವಳಿಯಲ್ಲಿ ಮತ್ತೆ ‘ಕನಿಷ್ಠ ದರದ ಆಧಾರದ ಮೇಲೆ’ ಎಂದೇ ಬರೆದೆ. ಹಳೆಯ ಪೆಟ್ಟಿಗೆ ಕಪಾಟಿನಲ್ಲಿಯೇ ಇದೆ. ಪ್ರತಿ ತಿಂಗಳು ಚಾರ್ಜ್ ಮಾಡುವ ಕೆಲಸ ನನ್ನದು. ದುರಸ್ತಿಯಾದಂದಿನಿಂದ ಅದು ಸರಿಯಾಗಿಯೇ ನಡೆಯುತ್ತಿದೆ.

ಡಿಸೆಂಬರಿನ ಎರಡನೆಯ ಭಾನುವಾರ ಸಂಜೆ ಮೇಷ್ಟ್ರು ಮತ್ತೆ ಬರಲು ಒಪ್ಪಿದ್ದಾರೆ. ಅಂದಿನ ಒಂಬತ್ತು ವಿದ್ಯಾರ್ಥಿಗಳಲ್ಲಿ ಆರು ಮಂದಿ ಬರುವರೆಂದು ಖಚಿತವಾಗಿದೆ; ಮಂಗಳೂರಿನವರಿಗೆ ಮೊಣಕಾಲು ನೋವು, ಫೋನಿನಲ್ಲಿಯಾದರೂ ಇರುತ್ತೇನೆ ಎಂದಿದ್ದಾರೆ. ಪುಣೆ, ಹೈದರಾಬಾದು, ದೆಹಲಿಯಲ್ಲಿರುವ ಓದುಗರ ಮನೆಗಳಲ್ಲಿ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹಿರಿಯರಿದ್ದರೆ ದಯವಿಟ್ಟು ತಿಳಿಸಿ. ಅವರು ಆಗ ಯಾವ ಹೋಟೆಲಿನಲ್ಲಿದ್ದರು ಎಂಬುದನ್ನೂ ಬರೆಯಿರಿ. ಮೇಷ್ಟ್ರು ಹಾಜರಿ ಕೂಗುವುದು ಆ ಹೆಸರಿನಿಂದ.